ಕೊಟ್ಟ ಮಾತು, ತಿದ್ದಿದ ನಿಯಮ: ಇಸ್ತಾಂಬುಲ್ ನಗರ ಉಳಿದುಬಂದ ಬಗೆ

ಮನುಷ್ಯರಂತೆ ನಗರಗಳಿಗೂ ಮುಪ್ಪು ಬರುತ್ತದೆ. ಅದು ಬರುವುದು ಸದ್ದಿಲ್ಲದೆ. ಮೊದಲು ವ್ಯಾಪಾರ ಪಕ್ಕದ ಊರಿಗೆ ಸರಿಯುತ್ತದೆ. ಬಳಿಕ ನೀರಿನ ಕಾಲುವೆ ಬಿರುಕು ಬಿಡುತ್ತದೆ, ಅದನ್ನು ದುರಸ್ತಿ ಮಾಡಲು ಬೊಕ್ಕಸದಲ್ಲಿ ಹಣವಿರುವುದಿಲ್ಲ. ಆಮೇಲೆ ದುಡಿಯುವ ಕೈಗಳು ಬೇರೆಡೆಗೆ ಹೊರಡುತ್ತವೆ. ಇಷ್ಟೆಲ್ಲ ಆದಾಗಲೂ ಕೋಟೆಯ ಗೋಡೆಗಳು, ಗುಂಬಜ್‌ಗಳು, ಅರಮನೆಗಳು ನಿಂತೇ ಇರುತ್ತವೆ. ಹೊರಗಿನಿಂದ ನೋಡಿದವನಿಗೆ ನಗರವು ವೈಭವದಿಂದ ಮೆರೆಯುತ್ತಿರುವಂತೆಯೇ ಕಾಣುತ್ತದೆ.

ಇಂಥ ಮುಪ್ಪಿನಿಂದ ಚೇತರಿಸಿಕೊಳ್ಳದ ನಗರಗಳು ಇತಿಹಾಸದಲ್ಲಿ ಅನೇಕ. ಅಬ್ಬಾಸಿ ಖಲೀಫರು 836ರಲ್ಲಿ ರಾಜಧಾನಿಯಾಗಿ ಕಟ್ಟಿಸಿದ ಸಮರ್ರಾ ನಗರವು ಆರು ದಶಕಗಳೊಳಗೆ ರಾಜಧಾನಿಯ ಪಟ್ಟ ಕಳೆದುಕೊಂಡಿತು. ಅದರ ಸುರುಳಿ ಮಿನಾರವನ್ನು ನಾವು ಇಂದಿಗೂ ಚಿತ್ರಗಳಲ್ಲಿ ಕಾಣುತ್ತೇವೆ. ಆದರೆ ಅದರ ಸುತ್ತಲಿದ್ದ ಆ ಮಹಾನಗರ ಇಂದಿಲ್ಲ. ಹಾಗಾದರೆ ಕೆಲವು ನಗರಗಳು ಮಾತ್ರ ಸಾವಿರಾರು ವರ್ಷ ಉಳಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರ ಹುಡುಕಲು ಇಸ್ತಾಂಬುಲ್‌ಗಿಂತ ತಕ್ಕ ನಗರ ಬೇರೆ ಸಿಗಲಾರದು.

ಆ ನಗರದೊಂದಿಗೆ ನಮ್ಮ ನಾಡಿಗೂ ಹಳೆಯ ನಂಟಿದೆ. ಟಿಪ್ಪು ಸುಲ್ತಾನರು ಗುಲಾಮ್ ಅಲಿ ಖಾನ್‌ರ ನೇತೃತ್ವದಲ್ಲಿ ಕಳುಹಿಸಿದ ರಾಯಭಾರ ತಂಡವು 1786ರಲ್ಲಿ ಹೊರಟು, ಮಸ್ಕತ್, ಬಸ್ರಾ, ಬಗ್ದಾದ್ ಮಾರ್ಗವಾಗಿ 1787ರಲ್ಲಿ ಇಸ್ತಾಂಬುಲ್ ತಲುಪಿತು. ಬಸ್ರಾ ಬಂದರಿನಲ್ಲಿ ಮೈಸೂರಿಗೆ ಹಕ್ಕು, ಅದಕ್ಕೆ ಪ್ರತಿಯಾಗಿ ನಮ್ಮ ಮಂಗಳೂರು ಬಂದರಿನಲ್ಲಿ ಉಸ್ಮಾನಿಗಳಿಗೆ ಹಕ್ಕು ಎಂಬ ಪ್ರಸ್ತಾಪವೂ ಆ ಮಾತುಕತೆಯ ಭಾಗವಾಗಿತ್ತು. ಪ್ರಸ್ತಾಪ ಕೈಗೂಡಲಿಲ್ಲ. ಆದರೆ ಮೈಸೂರಿನ ಆ ಪ್ರತಿನಿಧಿಗಳು ಕಂಡ ನಗರಕ್ಕೆ ಅಂದಿಗಾಗಲೇ 1,450 ವರ್ಷಗಳಿಗಿಂತ ಹೆಚ್ಚು ವಯಸ್ಸಾಗಿತ್ತು. ಅದು ಒಮ್ಮೆ ಬಹುತೇಕ ಸತ್ತು ಮರಳಿ ಬದುಕಿದ ನಗರವಾಗಿತ್ತು.

ವ್ಯಾಪಾರ ಕೈತಪ್ಪಿದಾಗ

ರೋಮನ್ ಚಕ್ರವರ್ತಿ ಕಾನ್‌ಸ್ಟಂಟೈನ್ 330ರಲ್ಲಿ ಈ ನಗರವನ್ನು ರಾಜಧಾನಿಯಾಗಿ ಲೋಕಾರ್ಪಣೆ ಮಾಡಿದನು. ಏಷ್ಯಾ ಮತ್ತು ಯುರೋಪ್ ಖಂಡಗಳ ನಡುವಿನ ಜಲಸಂಧಿಯಲ್ಲಿ, ಕಪ್ಪು ಸಮುದ್ರದ ಬಾಗಿಲಲ್ಲಿ ಇರುವ ಈ ನೆಲೆಗೆ ಜಗತ್ತಿನ ಸರಕು ತಾನಾಗಿ ಹರಿದುಬರುತ್ತಿತ್ತು. ಶತಮಾನಗಳ ಕಾಲ ಕಾನ್‌ಸ್ಟಂಟಿನೋಪಲ್ ಎಂದರೆ ಸಂಪತ್ತಿಗೆ ಇನ್ನೊಂದು ಹೆಸರಾಗಿತ್ತು.

ಅದರ ಕುಸಿತಕ್ಕೆ 1204ರಲ್ಲಿ ನಾಲ್ಕನೇ ಶಿಲುಬೆಯುದ್ಧದ ಸೈನಿಕರು ನಡೆಸಿದ ಲೂಟಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಅದು ದೊಡ್ಡ ಪೆಟ್ಟು ನಿಜ. ಆದರೆ ರೋಗ ಅದಕ್ಕೂ ಮೊದಲೇ ಆರಂಭವಾಗಿತ್ತು. 1082ರಲ್ಲಿ ನೌಕಾಬಲದ ನೆರವು ಬೇಕಾದಾಗ ಚಕ್ರವರ್ತಿಯು ವೆನಿಸ್‌ನ ವರ್ತಕರಿಗೆ ಸುಂಕ ವಿನಾಯಿತಿ ನೀಡಿದನು. 1261ರಲ್ಲಿ ಜಿನೋವಾದ ವರ್ತಕರಿಗೂ ಅಂಥದೇ ಸವಲತ್ತು ದೊರೆಯಿತು. ಸ್ಥಳೀಯ ವ್ಯಾಪಾರಿ ಪೂರ್ಣ ಸುಂಕ ತೆರಬೇಕು, ಹೊರಗಿನವನು ತೆರಬೇಕಿಲ್ಲ. ಇಂಥ ನಿಯಮದ ಕೆಳಗೆ ಸ್ಥಳೀಯನು ಎಷ್ಟು ದಿನ ಬಾಳಿಯಾನು?

ಪರಿಣಾಮವು 14ನೇ ಶತಮಾನದ ಹೊತ್ತಿಗೆ ಲೆಕ್ಕದಲ್ಲೇ ಕಾಣಿಸಿತು. ಕೊಲ್ಲಿಯ ಆಚೆ ದಡದಲ್ಲಿದ್ದ ಜಿನೋವಾದವರ ಗಲಾಟಾ ಬಡಾವಣೆಗೆ ವರ್ಷಕ್ಕೆ 2 ಲಕ್ಷ ಚಿನ್ನದ ನಾಣ್ಯಗಳ ಸುಂಕ ಬರುತ್ತಿದ್ದರೆ, ರಾಜಧಾನಿಗೆ ಬರುತ್ತಿದ್ದುದು ಕೇವಲ 30 ಸಾವಿರ ಎಂದು ಅಂದಿನ ಇತಿಹಾಸಕಾರ ಗ್ರಿಗೊರಾಸ್ ದಾಖಲಿಸಿದ್ದಾನೆ. 1348ರಲ್ಲಿ ಚಕ್ರವರ್ತಿಯು ಎಚ್ಚೆತ್ತು ತನ್ನ ಬಂದರಿನ ಸುಂಕವನ್ನು ಇಳಿಸಿದನು, ಹೊಸ ಹಡಗುಗಳನ್ನು ಕಟ್ಟಿಸಿದನು. ಜಿನೋವಾದವರು ಯುದ್ಧ ಹೂಡಿ ಆ ನೌಕಾಪಡೆಯನ್ನೇ ನಾಶ ಮಾಡಿದರು. ಸುಧಾರಣೆ ಸರಿಯಾಗಿತ್ತು, ಕಾಲ ಮೀರಿಹೋಗಿತ್ತು.

ಇದಕ್ಕೆ ಸುಮಾರು ಒಂದೂವರೆ ದಶಕದ ಮೊದಲು ಅಲ್ಲಿಗೆ ಭೇಟಿ ನೀಡಿದ್ದ ಪ್ರಸಿದ್ಧ ಪ್ರವಾಸಿ ಇಬ್ನು ಬತೂತಾ, ನಗರದ ಕೋಟೆಯೊಳಗೆ ಸುಮಾರು ಹದಿಮೂರು ಹಳ್ಳಿಗಳಿವೆ ಎಂದು ಬರೆದಿದ್ದಾರೆ. ಮಹಾನಗರವು ಹೊಲಗದ್ದೆಗಳ ನಡುವೆ ಚದುರಿದ ಹಳ್ಳಿಗಳ ಗುಂಪಾಗಿ ಒಡೆದುಹೋಗಿತ್ತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ.

ಮನೆ ಬಾಡಿಗೆಯ ಪ್ರಕರಣ

1453ರ ಮೇ 29ರಂದು ಸುಲ್ತಾನ್ ಮುಹಮ್ಮದ್ ಅಲ್ ಫಾತಿಹ್‌ರು ನಗರವನ್ನು ಗೆದ್ದಾಗ ಅವರಿಗೆ 21 ವರ್ಷ. ಆ ವಿಜಯದ ಕಥೆಯನ್ನು, ಹಡಗುಗಳನ್ನು ನೆಲದ ಮೇಲೆ ಎಳೆದುತಂದ ಸಾಹಸವನ್ನು ನಮ್ಮ ಮಕ್ಕಳಿಗೆ ನಾವು ಹೆಮ್ಮೆಯಿಂದ ಹೇಳುತ್ತೇವೆ. ಆದರೆ ಮರುದಿನದಿಂದ ಆರಂಭವಾದ ಕಠಿಣ ಕಾರ್ಯವನ್ನು ಯಾರೂ ಹೇಳುವುದಿಲ್ಲ. ಮುತ್ತಿಗೆಯ ಹೊತ್ತಿಗೆ ನಗರದ ಜನಸಂಖ್ಯೆ ಹೆಚ್ಚೆಂದರೆ 50 ಸಾವಿರವಿತ್ತು. ಅಂದಿನ ಯುದ್ಧ ಪದ್ಧತಿಯಂತೆ ನಡೆದ ಲೂಟಿ ಮತ್ತು ಸೆರೆಯ ಬಳಿಕ ಅದೂ ಉಳಿಯಲಿಲ್ಲ. ಸುಲ್ತಾನರ ಕೈಗೆ ಬಂದದ್ದು ಭಾರೀ ಗೋಡೆಗಳ ನಡುವಿನ ಒಂದು ಬರಿದಾದ ಊರು.

ಅವರು ಮೊದಲು ಕೈಗೊಂಡ ಕ್ರಮಗಳು ಜನರನ್ನು ಕರೆತರುವ ಕ್ರಮಗಳಾಗಿದ್ದವು. ಗಲಾಟಾದ ಜಿನೋವಾ ವರ್ತಕರಿಗೆ ಕೆಲವೇ ದಿನಗಳಲ್ಲಿ ಅಭಯಪತ್ರ ನೀಡಲಾಯಿತು. 1454ರ ಜನವರಿಯಲ್ಲಿ ಆರ್ಥೊಡಾಕ್ಸ್ ಕ್ರೈಸ್ತರ ಧರ್ಮಗುರುವಾಗಿ ಗೆನ್ನಾದಿಯೋಸ್‌ರನ್ನು ನೇಮಿಸಿ, ಆ ಸಮುದಾಯ ನಗರದಲ್ಲಿ ನೆಲೆಸಲು ದಾರಿ ಮಾಡಲಾಯಿತು. ಸ್ವಇಚ್ಛೆಯಿಂದ ಬಂದು ನೆಲೆಸುವವರಿಗೆ ಖಾಲಿ ಮನೆಗಳನ್ನು ಅವರದೇ ಆಸ್ತಿಯಾಗಿ ಕೊಡಲಾಗುವುದು ಎಂದು ಘೋಷಿಸಲಾಯಿತು. ಸಾಕಷ್ಟು ಜನ ಬಾರದಿದ್ದಾಗ ಅನಾತೋಲಿಯಾ ಮತ್ತು ಬಾಲ್ಕನ್ ಪ್ರದೇಶಗಳಿಂದ ಕುಟುಂಬಗಳನ್ನು ರಾಜಾಜ್ಞೆಯಿಂದಲೇ ಸ್ಥಳಾಂತರಿಸಲಾಯಿತು. ತಮ್ಮ ಊರು, ತೋಟ, ಬಂಧುಗಳನ್ನು ಬಿಟ್ಟು ಬಂದ ಆ ಕುಟುಂಬಗಳ ನೋವನ್ನು ಇತಿಹಾಸ ಮರೆಮಾಚಬಾರದು.

ಇಷ್ಟಾದ ಮೇಲೆ ಒಂದು ತಪ್ಪು ನಡೆಯಿತು. ನಗರದ ಮನೆಗಳ ಸಮೀಕ್ಷೆ ನಡೆಸಲು ಒಬ್ಬ ಅಧಿಕಾರಿಯನ್ನು ನೇಮಿಸಲಾಯಿತು. 1455ರ ಕೊನೆಗೆ ಮುಗಿದ ಆ ಸಮೀಕ್ಷೆಯಲ್ಲಿ ಅವರ ಸಂಬಂಧಿ, ಮುಂದೆ ಇತಿಹಾಸಕಾರರಾಗಿ ಹೆಸರಾದ ತುರ್ಸುನ್ ಬೇಗ್ ಸಹಾಯಕರಾಗಿದ್ದರು. ಲೆಕ್ಕ ಸಿಕ್ಕಿದ ಮೇಲೆ ಬೊಕ್ಕಸದವರಿಗೆ ಆದಾಯದ ಆಸೆ ಹುಟ್ಟಿತು. ಉಚಿತವಾಗಿ ಕೊಟ್ಟ ಮನೆಗಳ ಮೇಲೆ ಬಾಡಿಗೆ ವಿಧಿಸಲಾಯಿತು. ಇದ್ದ ಊರನ್ನು ಬಿಟ್ಟು ಬಂದ ಜನರು, ಬಾಡಿಗೆ ತೆರುವುದಕ್ಕಾಗಿ ನಮ್ಮನ್ನು ಕರೆತಂದಿರೇ ಎಂದು ಕೇಳಿದರು. ಅನೇಕರು ಹೆಂಡತಿ ಮಕ್ಕಳನ್ನು ಕರೆದುಕೊಂಡು ಹೊರಟೇ ಹೋದರು ಎಂದು ಅಂದಿನ ಚರಿತ್ರೆಕಾರ ಆಶಿಕ್ ಪಾಶಾಝಾದೆ ಬರೆದಿದ್ದಾರೆ. ನಗರ ಮತ್ತೆ ಬರಿದಾಗತೊಡಗಿತು. ಆಗ ತಮ್ಮವನೇ ಆದ ಒಬ್ಬ ಸೇವಕನ ಸಲಹೆಗೆ ಕಿವಿಗೊಟ್ಟು ಸುಲ್ತಾನರು ಆ ಬಾಡಿಗೆಯನ್ನು ರದ್ದು ಮಾಡಿದರು. ಜನ ಮರಳಿ ಬಂದರು. ಆದರೆ ಕೆಲವು ವರ್ಷಗಳ ಬಳಿಕ ಒಬ್ಬ ವಝೀರರ ಕಾಲದಲ್ಲಿ ಅದೇ ಬಾಡಿಗೆ ಮರಳಿ ಜಾರಿಗೆ ಬಂತು. ಚರಿತ್ರೆಕಾರರ ಕೋಪವೂ ಆ ವಝೀರರ ಮೇಲೆ ಬಿತ್ತು.

ಈ ಪ್ರಕರಣ ಸಣ್ಣದೆಂದು ತೋರಬಹುದು. ಆದರೆ ನಗರವೊಂದರ ಅತಿ ದೊಡ್ಡ ಬಂಡವಾಳ ಯಾವುದೆಂಬುದನ್ನು ಅದು ತೋರಿಸುತ್ತದೆ. ಆಡಳಿತದ ಮಾತನ್ನು ನಂಬಿ ಒಬ್ಬ ನೇಕಾರನು ಮಗ್ಗ ಹೂಡುತ್ತಾನೆ, ಒಬ್ಬ ಬೇಕರಿಯವನು ಒಲೆ ಕಟ್ಟುತ್ತಾನೆ. ಆ ಮಾತು ಮುರಿದರೆ ಅವರು ಮಗ್ಗ, ಒಲೆಗಳನ್ನು ಬಿಟ್ಟು ಹೋಗುತ್ತಾರೆ. ಕರಾರನ್ನು ಪಾಲಿಸಬೇಕೆಂದು ಪವಿತ್ರ ಕುರ್‌ಆನ್ ಸತ್ಯವಿಶ್ವಾಸಿಗಳಿಗೆ ನೀಡಿದ ಆದೇಶವು ಆಡಳಿತಗಾರನಿಗೂ ಅನ್ವಯಿಸುತ್ತದೆ.

ಆದಾಯವು ಸೇವೆಗೆ ಮರಳಿದಾಗ

ಬಂದ ಜನರನ್ನು ಉಳಿಸಿಕೊಳ್ಳಲು ಮನೆಯೊಂದೇ ಸಾಲದು. ಅವರಿಗೆ ಕೆಲಸ, ನೀರು, ಶಾಲೆ, ಚಿಕಿತ್ಸೆ ಬೇಕು. ಇದಕ್ಕೆ ಉಸ್ಮಾನಿಗಳು ಆಶ್ರಯಿಸಿದ್ದು ವಕ್ಫ್ ವ್ಯವಸ್ಥೆಯನ್ನು. ಹಝ್ರತ್ ಉಮರ್(ರ)ರವರು ಖೈಬರ್‌ನಲ್ಲಿ ತಮಗೆ ದೊರೆತ ಜಮೀನಿನ ಬಗ್ಗೆ ಕೇಳಿದಾಗ, ಮೂಲವನ್ನು ಮಾರದೆ ಉಳಿಸಿ ಅದರ ಫಲವನ್ನು ದಾನ ಮಾಡಲು ಪ್ರವಾದಿ(ಸ)ರವರು ಸೂಚಿಸಿದ ಘಟನೆ ನಮಗೆಲ್ಲ ತಿಳಿದಿದೆ. ಆ ಒಂದು ತತ್ವದ ಮೇಲೆ ಇಡೀ ನಗರದ ಸೇವೆಗಳನ್ನು ನಿಲ್ಲಿಸಬಹುದು ಎಂಬುದನ್ನು ಇಸ್ತಾಂಬುಲ್ ತೋರಿಸಿಕೊಟ್ಟಿತು.

ಇಂದು ಲಕ್ಷಾಂತರ ಪ್ರವಾಸಿಗರು ನೋಡುವ ಗ್ರ್ಯಾಂಡ್ ಬಝಾರ್‌ನ ಮೂಲ ಕಟ್ಟಡವನ್ನು 1450ರ ದಶಕದ ನಡುವೆ ಆರಂಭಿಸಿ 1461ರ ಹೊತ್ತಿಗೆ ಮುಗಿಸಲಾಯಿತು. ಬೆಲೆಬಾಳುವ ಸರಕನ್ನು ಭದ್ರವಾಗಿಡಬಲ್ಲ, ಬೆಂಕಿಗೆ ಜಗ್ಗದ ಕಲ್ಲಿನ ಮಾರುಕಟ್ಟೆ ಅದು. ಅದರ ಬಾಡಿಗೆ ಆಯಾ ಸೋಫಿಯಾ ಮಸೀದಿಯ ವಕ್ಫ್‌ಗೆ ಸೇರುತ್ತಿತ್ತು. ಅಂದರೆ ವ್ಯಾಪಾರ ಬೆಳೆದಷ್ಟೂ ಸೇವೆ ಬೆಳೆಯುತ್ತಿತ್ತು. 1463ರಿಂದ 1470ರವರೆಗೆ ಕಟ್ಟಿದ ಫಾತಿಹ್ ಸಂಕೀರ್ಣದಲ್ಲಿ ಮಸೀದಿಯ ಸುತ್ತ ಎಂಟು ಉನ್ನತ ಮದ್ರಸಗಳು, ಆಸ್ಪತ್ರೆ, ಪ್ರಯಾಣಿಕರ ತಂಗುದಾಣ ಮತ್ತು ಬಡವರಿಗೂ ವಿದ್ಯಾರ್ಥಿಗಳಿಗೂ ಊಟ ನೀಡುವ ಅಡುಗೆಮನೆ ಇದ್ದವು. ಹೀಗೆ ಒಂದೊಂದು ಮಸೀದಿಯ ಸುತ್ತಲೂ ಒಂದೊಂದು ಮೊಹಲ್ಲಾ ಬೆಳೆಯಿತು.

1477ರಲ್ಲಿ ನಗರದ ಕಾಝಿಯವರು ನಡೆಸಿದ ಗಣತಿಯಂತೆ ಇಸ್ತಾಂಬುಲ್ ಮತ್ತು ಗಲಾಟಾ ಸೇರಿ 16,324 ಮನೆಗಳಿದ್ದವು. ಇಸ್ತಾಂಬುಲ್‌ನ 14,803 ಮನೆಗಳಲ್ಲಿ 8,951 ಮುಸ್ಲಿಮರವು, 3,151 ಗ್ರೀಕ್ ಕ್ರೈಸ್ತರವು, 1,647 ಯಹೂದಿಯರವು. ಉಳಿದವು ಆರ್ಮೇನಿಯನ್ನರು ಮೊದಲಾದವರವು. 1492ರಲ್ಲಿ ಸ್ಪೇನ್ ತನ್ನ ಯಹೂದಿ ಪ್ರಜೆಗಳನ್ನು ಹೊರದಬ್ಬಿದಾಗ ಸುಲ್ತಾನ್ ಬಾಯಝೀದ್‌ರು ಅವರಿಗೆ ತಮ್ಮ ರಾಜ್ಯದ ಬಾಗಿಲು ತೆರೆದರು. ಅವರೊಂದಿಗೆ ವೈದ್ಯರು, ಮುದ್ರಕರು, ನೇಕಾರರು, ವರ್ತಕರು ಬಂದರು. ಒಂದು ನಗರ ಹೊರದಬ್ಬಿದ ಕೌಶಲ ಇನ್ನೊಂದು ನಗರದ ಸಂಪತ್ತಾಯಿತು. ನ್ಯಾಯವೂ ನಗರದ ಲಾಭವೂ ಇಲ್ಲಿ ಒಂದೇ ದಾರಿಯಲ್ಲಿ ಸಾಗಿದವು.

ನೀರು ಮತ್ತು ಕಾಡು

ಜನ ಹೆಚ್ಚಿದಂತೆ ನೀರಿನ ಕೊರತೆ ಕಾಡಿತು. ಹಳೆಯ ರೋಮನ್ ಕಾಲುವೆಗಳನ್ನು ಸುಲ್ತಾನ್ ಮುಹಮ್ಮದ್‌ರು ದುರಸ್ತಿ ಮಾಡಿಸಿದ್ದರೂ ಒಂದು ಶತಮಾನದಲ್ಲಿ ಅವು ಸಾಲದಾದವು. ಸುಲ್ತಾನ್ ಸುಲೈಮಾನ್‌ರು ಮಹಾಶಿಲ್ಪಿ ಸಿನಾನ್‌ರಿಗೆ ಈ ಹೊಣೆ ವಹಿಸಿದರು. ನಗರದ ಉತ್ತರಕ್ಕಿರುವ ಬೆಲ್‌ಗ್ರೇಡ್ ಕಾಡಿನ ತೊರೆಗಳಿಂದ ನೀರನ್ನು ಸಂಗ್ರಹಿಸಿ, ಕಣಿವೆಗಳನ್ನು ಕಮಾನುಗಳ ಮೇಲೆ ದಾಟಿಸಿ, ಇಳಿಜಾರಿನ ಬಲದಿಂದಲೇ ನಗರಕ್ಕೆ ಹರಿಸುವ ಕಿರ್ಕ್‌ಚೆಶ್ಮೆ ಯೋಜನೆ 1554ರಲ್ಲಿ ಆರಂಭವಾಯಿತು. ಹೆಸರಿನ ಅರ್ಥ ನಲವತ್ತು ಕಾರಂಜಿ. 1563ರ ಸೆಪ್ಟೆಂಬರ್‌ನಲ್ಲಿ ಬಂದ ಭೀಕರ ನೆರೆಗೆ ಹಲವು ಕಮಾನುಗಳು ಕುಸಿದವು. ಸಿನಾನ್‌ರು ಅವುಗಳನ್ನು ಮತ್ತೆ ಕಟ್ಟಿದರು. ನೆರೆಯ ರಭಸ ತಡೆಯುವಂತೆ ರೂಪಿಸಿದ ಮಾಗ್ಲೋವಾ ಕಮಾನು ಸೇತುವೆ ಇಂದಿಗೂ ಒಂದು ಅಣೆಕಟ್ಟಿನ ನೀರಿನ ನಡುವೆ ಗಟ್ಟಿಯಾಗಿ ನಿಂತಿದೆ.

ಕಟ್ಟಡಕ್ಕಿಂತ ಅದರ ಹಿಂದಿನ ನಿಯಮಗಳು ಹೆಚ್ಚು ಗಮನಾರ್ಹ. ಕಾಲುವೆಯ ದಾರಿಯಲ್ಲಿದ್ದ ಹಳ್ಳಿಗಳ ಜನರಿಗೆ ಕಾಲುವೆಯನ್ನು ಕಾಯುವ, ಶುಚಿಗೊಳಿಸುವ ಹೊಣೆ ವಹಿಸಿ, ಅದಕ್ಕೆ ಪ್ರತಿಯಾಗಿ ತೆರಿಗೆಯಲ್ಲಿ ವಿನಾಯಿತಿ ನೀಡಲಾಯಿತು. ನೀರಿನ ಮೂಲದ ಬಳಿಯ ಜನ ಕಾಡನ್ನು ಉಳಿಸಿದರೆ ಅವರಿಗೆ ನಷ್ಟವಾಗಬಾರದು, ಲಾಭವಾಗಬೇಕು ಎಂಬುದು ಇದರ ಹಿಂದಿನ ಲೆಕ್ಕ. ಕಾರಂಜಿಗಳಲ್ಲಿ ನೀರು ಎಲ್ಲರಿಗೂ ಉಚಿತವಾಗಿತ್ತು. ಮದೀನಾದಲ್ಲಿ ಹಝ್ರತ್ ಉಸ್ಮಾನ್(ರ)ರವರು ರೂಮಾ ಬಾವಿಯನ್ನು ಖರೀದಿಸಿ ಜನರಿಗೆ ಬಿಟ್ಟುಕೊಟ್ಟ ಆದರ್ಶ ಅವರ ಕಣ್ಣ ಮುಂದಿತ್ತು.

ಆದರೆ ಉಳ್ಳವರು ಎಲ್ಲ ಕಾಲದಲ್ಲೂ ಉಳ್ಳವರೇ. ದೊಡ್ಡ ಮನೆಗಳವರು ತಮ್ಮ ತೋಟಗಳಿಗೆ, ಹಮ್ಮಾಮ್‌ಗಳಿಗೆ ಸಾರ್ವಜನಿಕ ಕಾಲುವೆಯಿಂದ ಗುಟ್ಟಾಗಿ ನೀರು ಎಳೆಯತೊಡಗಿದರು. ಅದನ್ನು ತಡೆಯಲು ಆಜ್ಞೆಗಳನ್ನು ಮೇಲಿಂದ ಮೇಲೆ ಹೊರಡಿಸಬೇಕಾಯಿತು. ಅನುಮತಿಯಿಲ್ಲದೆ ಮನೆಗೆ ನೀರು ತೆಗೆದುಕೊಂಡರೆಂಬ ಆರೋಪದ ವಿಚಾರಣೆ, ಆ ಕಾಲುವೆಯನ್ನು ಕಟ್ಟಿದ ವಯೋವೃದ್ಧ ಸಿನಾನ್‌ರ ವಿರುದ್ಧವೂ ನಡೆಯಿತು. ಕಟ್ಟಿದವನನ್ನೂ ಪ್ರಶ್ನಿಸುವ ನಿಯಮ ಇದ್ದುದರಿಂದಲೇ ಸಾಮಾನ್ಯ ಜನರ ಕಾರಂಜಿಗಳು ಬತ್ತಲಿಲ್ಲ. 19ನೇ ಶತಮಾನದ ಕೊನೆಯಲ್ಲಿ ನೀರಿನ ಮೂಲ ಮಲಿನವಾಗದಿರಲೆಂದು ಕಾಡಿನೊಳಗಿನ ಬೆಲ್‌ಗ್ರೇಡ್ ಹಳ್ಳಿಯನ್ನೇ ಸ್ಥಳಾಂತರಿಸಲಾಯಿತು. ಒಂದು ಮಹಾನಗರದ ಅಂಚಿನಲ್ಲಿ ಆ ಕಾಡು ಇಂದಿಗೂ ಹಸಿರಾಗಿ ಉಳಿದಿದ್ದರೆ ಅದಕ್ಕೆ ಈ ನೀರಿನ ನಿಯಮಗಳೇ ಮುಖ್ಯ ಕಾರಣ.

ಬೆಲೆಯ ಪಾಠ

16ನೇ ಶತಮಾನದ ಹೊತ್ತಿಗೆ ಹಲವು ಲಕ್ಷ ಜನರ ನಗರವಾದ ಇಸ್ತಾಂಬುಲ್ ತನ್ನ ಊಟಕ್ಕೆ ಕಪ್ಪು ಸಮುದ್ರದ ತೀರದ ಧಾನ್ಯವನ್ನೂ ಬಾಲ್ಕನ್‌ನ ಕುರಿಗಳನ್ನೂ ಅವಲಂಬಿಸಿತ್ತು. ಕಾಝಿ ಮತ್ತು ಮುಹ್ತಸಿಬರು ಸೇರಿ ಅಗತ್ಯ ವಸ್ತುಗಳಿಗೆ ಬೆಲೆ ನಿಗದಿ ಮಾಡುತ್ತಿದ್ದರು. ಇದಕ್ಕೆ ನರ್ಖ್ ಎಂದು ಹೆಸರು. ಬೆಲೆ ನಿಗದಿ ಮಾಡುವಂತೆ ಜನ ಕೇಳಿಕೊಂಡಾಗ ಪ್ರವಾದಿ(ಸ)ರವರು ಹಾಗೆ ಮಾಡಲು ಒಪ್ಪಲಿಲ್ಲ ಎಂಬುದು ಹದೀಸ್‌ಗಳಲ್ಲಿದೆ. ಆದ್ದರಿಂದ ಫುಕಹಾಗಳು ಇದನ್ನು ಹಾನಿ ತಡೆಯಲು ಅನಿವಾರ್ಯವಾದಾಗ ಮಾತ್ರ, ತಜ್ಞರೊಂದಿಗೆ ಸಮಾಲೋಚಿಸಿ ಮಾಡಬೇಕೆಂಬ ಷರತ್ತು ವಿಧಿಸಿದ್ದರು.

ಆ ಷರತ್ತನ್ನು ಪಾಲಿಸಿದಾಗ ವ್ಯವಸ್ಥೆ ನಡೆಯಿತು. ಕಸುಬಿನವರ ಸಂಘಗಳ ಮುಖ್ಯಸ್ಥರನ್ನು ಕೇಳಿ, ಋತುವಿಗೆ ತಕ್ಕಂತೆ, ರಮಝಾನ್‌ಗೆ ಮೊದಲು ಬೆಲೆಗಳನ್ನು ಪರಿಷ್ಕರಿಸಲಾಗುತ್ತಿತ್ತು. ನಾಣ್ಯದ ಮೌಲ್ಯ ಬದಲಾದಾಗ ಪಟ್ಟಿಯೂ ಬದಲಾಗುತ್ತಿತ್ತು. 1640ರ ವಿಸ್ತಾರವಾದ ಬೆಲೆಪಟ್ಟಿ ಅಂಥ ನಾಣ್ಯ ಸುಧಾರಣೆಯ ಬೆನ್ನಲ್ಲೇ ಬಂದದ್ದು. ಷರತ್ತನ್ನು ಮರೆತಾಗ ಹಾನಿಯೂ ಆಯಿತು. ಮಾಂಸದ ಬೆಲೆಯನ್ನು ತೀರ ಕೆಳಗಿಟ್ಟದ್ದರಿಂದ ಆ ವ್ಯಾಪಾರಕ್ಕೆ ಯಾರೂ ಬರಲಿಲ್ಲ. ಆಗ ಹೊರ ಊರುಗಳ ಶ್ರೀಮಂತರನ್ನು ಹಿಡಿದು ತಂದು ಬಲವಂತವಾಗಿ ರಾಜಧಾನಿಯ ಮಾಂಸದ ವ್ಯಾಪಾರಿಗಳನ್ನಾಗಿ ನೇಮಿಸಲಾಯಿತು. ಅವರಲ್ಲಿ ಅನೇಕರು ದಿವಾಳಿಯಾದರು. ನಗರದ ಬಡವನಿಗೆ ಅಗ್ಗದ ಮಾಂಸ ಕೊಡುವ ಉದ್ದೇಶ ಒಳ್ಳೆಯದೇ. ಆದರೆ ಅದರ ಖರ್ಚನ್ನು ಇನ್ನೊಬ್ಬನ ಕುತ್ತಿಗೆಗೆ ಕಟ್ಟುವುದು ನ್ಯಾಯವಾಗದು.

ಬೆಂಕಿಯ ಬಳಿಕ ವಕ್ಫ್

ಇಸ್ತಾಂಬುಲ್‌ನ ಮನೆಗಳು ಹೆಚ್ಚಾಗಿ ಮರದವು. ಆದ್ದರಿಂದ ಬೆಂಕಿ ಆ ನಗರದ ನಿತ್ಯದ ಶತ್ರು. 1660ರ ಬೆಂಕಿಯಂತೂ ನಗರದ ದೊಡ್ಡ ಭಾಗವನ್ನು ಸುಟ್ಟುಹಾಕಿತು. 1546ರ ಸಮೀಕ್ಷೆಯಲ್ಲೇ ನಗರದಲ್ಲಿ ಎರಡೂವರೆ ಸಾವಿರದಷ್ಟು ವಕ್ಫ್‌ಗಳು ದಾಖಲಾಗಿದ್ದವು. ಅವುಗಳ ಅಂಗಡಿ, ಮನೆಗಳು ಸುಟ್ಟಾಗ ಬಾಡಿಗೆ ನಿಲ್ಲುತ್ತಿತ್ತು. ಬಾಡಿಗೆ ನಿಂತರೆ ಮದ್ರಸದ ಉಸ್ತಾದರ ಸಂಬಳವೂ ಬಡವರ ಊಟವೂ ನಿಲ್ಲುತ್ತಿದ್ದವು. ವಕ್ಫ್ ಆಸ್ತಿಯನ್ನು ಮಾರುವಂತಿಲ್ಲ. ಹನಫಿ ಫಿಕ್‌ಹ್‌ನಂತೆ ದೀರ್ಘಾವಧಿಗೆ ಬಾಡಿಗೆಗೆ ಕೊಡುವುದಕ್ಕೂ ಮಿತಿಯಿತ್ತು. ಕಟ್ಟಲು ಹಣವಿಲ್ಲ, ಹಣ ತರುವ ದಾರಿಯೂ ಇಲ್ಲ.

ಆಗ ವಿದ್ವಾಂಸರು ಮತ್ತು ಕಾಝಿಗಳು ಕಂಡುಕೊಂಡ ಮಾರ್ಗವೇ ಇಜಾರತೈನ್, ಅಂದರೆ ಎರಡು ಬಾಡಿಗೆ. ಬಾಡಿಗೆದಾರನು ಕಟ್ಟಡದ ಮೌಲ್ಯಕ್ಕೆ ಸಮೀಪದ ದೊಡ್ಡ ಮೊತ್ತವನ್ನು ಮೊದಲೇ ಕೊಡುತ್ತಾನೆ. ಅದರಿಂದ ಕಟ್ಟಡ ಮತ್ತೆ ಏಳುತ್ತದೆ. ಬಳಿಕ ಅವನು ಸಣ್ಣ ಮೊತ್ತದ ನಿಯತ ಬಾಡಿಗೆ ತೆರುತ್ತ ದೀರ್ಘಕಾಲ ಅಲ್ಲಿರಬಹುದು, ಅವನ ಮಕ್ಕಳಿಗೂ ಆ ಹಕ್ಕು ಸಲ್ಲುತ್ತದೆ. ಒಡೆತನ ಮಾತ್ರ ವಕ್ಫ್‌ನದೇ. ಮೂಲ ತತ್ವವನ್ನು ಬಿಡದೆ ಕಾಲದ ಅಗತ್ಯಕ್ಕೆ ನಿಯಮವನ್ನು ಹೊಂದಿಸಿಕೊಂಡ ಇಜ್ತಿಹಾದ್‌ಗೆ ಇದು ಉತ್ತಮ ಉದಾಹರಣೆ. ಸುಟ್ಟ ಬೀದಿಗಳು ಇದರಿಂದ ಮತ್ತೆ ಎದ್ದುನಿಂತವು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ನಿಯತ ಬಾಡಿಗೆ ನಿಯತವಾಗಿಯೇ ಉಳಿಯಿತು, ನಾಣ್ಯದ ಬೆಲೆ ಮಾತ್ರ ಕುಸಿಯುತ್ತ ಹೋಯಿತು. ಒಂದು ಕಾಲದಲ್ಲಿ ಬೆಲೆಯುಳ್ಳದ್ದಾಗಿದ್ದ ಬಾಡಿಗೆ ಮೊಮ್ಮಕ್ಕಳ ಕಾಲಕ್ಕೆ ಚಿಲ್ಲರೆಯಾಯಿತು. ಲಾಭವೆಲ್ಲ ಬಾಡಿಗೆದಾರನಿಗೆ, ವಕ್ಫ್‌ಗೆ ಹೆಸರಷ್ಟೇ. 1826ರಲ್ಲಿ ಸುಲ್ತಾನ್ ಮಹ್ಮೂದ್‌ರು ವಕ್ಫ್‌ಗಳಿಗಾಗಿ ಪ್ರತ್ಯೇಕ ಸಚಿವಾಲಯ ಸ್ಥಾಪಿಸಿದರು. ಆಗ ಉಳಿದಿದ್ದ ಆದಾಯವೂ ಕ್ರಮೇಣ ಬೊಕ್ಕಸದ ಇತರ ಖರ್ಚುಗಳಿಗೆ ಹರಿಯತೊಡಗಿ, ಅನೇಕ ಮದ್ರಸಗಳೂ ಕಾರಂಜಿಗಳೂ ಶಿಥಿಲವಾದವು. ಔಷಧಿಯಾಗಿ ಬಂದ ನಿಯಮವನ್ನು ಯಾರೂ ಮರುಪರಿಶೀಲಿಸದಿದ್ದರೆ ಅದೇ ರೋಗವಾಗುತ್ತದೆ.

ಈ ಭಾಗವನ್ನು ಓದುವಾಗ ನಮ್ಮ ಕಣ್ಣು ನಮ್ಮ ಊರುಗಳತ್ತ ಹೊರಳದೆ ಇರದು. 2006ರ ಸಾಚಾರ್ ಸಮಿತಿ ವರದಿಯು ಭಾರತದಲ್ಲಿ 4.9 ಲಕ್ಷ ನೋಂದಾಯಿತ ವಕ್ಫ್ ಆಸ್ತಿಗಳಿದ್ದು, ಅವುಗಳ ವಾರ್ಷಿಕ ಆದಾಯ ಸುಮಾರು 163 ಕೋಟಿ ರೂಪಾಯಿ ಮಾತ್ರ ಎಂದು ತಿಳಿಸಿತ್ತು. ಸರಿಯಾಗಿ ನಿರ್ವಹಿಸಿದರೆ ಅದು 12 ಸಾವಿರ ಕೋಟಿಯಷ್ಟು ಆಗಬಹುದೆಂದೂ ಅಂದಾಜಿಸಿತ್ತು. ಈ ಎರಡು ಅಂಕಿಗಳ ನಡುವಿನ ಅಂತರದಲ್ಲಿ ಎಷ್ಟು ಶಾಲೆಗಳು, ಎಷ್ಟು ಆಸ್ಪತ್ರೆಗಳು, ಎಷ್ಟು ಯತೀಮ್ ಮಕ್ಕಳ ವಿದ್ಯಾಭ್ಯಾಸ ಅಡಗಿದೆ ಎಂಬುದನ್ನು ಯೋಚಿಸಬೇಕು. ಅತಿಕ್ರಮಣದ ಬಗ್ಗೆ ನಾವು ಗಟ್ಟಿಯಾಗಿ ಮಾತಾಡುತ್ತೇವೆ, ಅದು ಸರಿಯೇ. ಹತ್ತಾರು ವರ್ಷಗಳಿಂದ ಪರಿಷ್ಕರಣೆಯಾಗದ ಬಾಡಿಗೆ, ಜಮಾಅತಿನ ಮುಂದೆ ಮಂಡನೆಯಾಗದ ಲೆಕ್ಕಪತ್ರ ಇವುಗಳ ಬಗ್ಗೆಯೂ ಅಷ್ಟೇ ಗಟ್ಟಿಯಾಗಿ ಮಾತಾಡುತ್ತೇವೆಯೇ?

ಒಂದು ಬಡಾವಣೆಯ ಸುಧಾರಣೆ, ಒಂದು ಕೊಲ್ಲಿಯ ಸಾವು

19ನೇ ಶತಮಾನದಲ್ಲಿ ಯುರೋಪಿನ ನಗರಗಳು ಹೊಸ ಉದ್ಯಮಗಳಿಂದ ಮುನ್ನುಗ್ಗಿದಾಗ ಇಸ್ತಾಂಬುಲ್ ಮತ್ತೆ ಹಿಂದೆ ಬಿದ್ದಿತು. 1848ರಲ್ಲಿ ಕಟ್ಟಡ ನಿಯಮಾವಳಿ ಬಂತು, 1855ರಲ್ಲಿ ನಗರಾಡಳಿತ ಸಂಸ್ಥೆ ಸ್ಥಾಪನೆಯಾಯಿತು. ಕೆಲವೇ ವರ್ಷಗಳಲ್ಲಿ ಗಲಾಟಾ ಮತ್ತು ಪೆರಾ ಬಡಾವಣೆಗಳಿಗೆ ಆರನೇ ವಿಭಾಗವೆಂಬ ಮಾದರಿ ಆಡಳಿತವನ್ನು ರೂಪಿಸಲಾಯಿತು. ಅಲ್ಲಿ ಬೀದಿದೀಪ, ಕಲ್ಲು ಹಾಸಿದ ರಸ್ತೆ, ಚರಂಡಿಗಳು ಬಂದವು. 1875ರಲ್ಲಿ ಅಲ್ಲೇ ನೆಲದಡಿಯ ಹಳಿಯ ಮೇಲೆ ಗಾಡಿ ಓಡಿತು. ಆದರೆ ಅದು ವಿದೇಶಿ ವರ್ತಕರೂ ಸ್ಥಿತಿವಂತರೂ ವಾಸಿಸುವ ಭಾಗ. ಹಳೆಯ ನಗರದ ಬಡ ಮೊಹಲ್ಲಾಗಳಿಗೆ ಆ ಬೆಳಕು ಬಹಳ ತಡವಾಗಿ ತಲುಪಿತು. ನಗರದ ಒಂದು ಮೂಲೆಯನ್ನು ಮಾತ್ರ ಬೆಳಗಿಸುವ ಸುಧಾರಣೆ ಉಳಿದವರ ಮನಸ್ಸಿನಲ್ಲಿ ಕತ್ತಲೆಯನ್ನೇ ಹೆಚ್ಚಿಸುತ್ತದೆ.

20ನೇ ಶತಮಾನದ ತಪ್ಪು ಇನ್ನೂ ದೊಡ್ಡದು. 1930ರ ದಶಕದಲ್ಲಿ ನಗರದ ಯೋಜನೆ ತಯಾರಿಸಿದ ಫ್ರೆಂಚ್ ತಜ್ಞ ಆನ್ರಿ ಪ್ರೊಸ್ಟ್, ನಗರದ ನಡುವಿನ ಗೋಲ್ಡನ್ ಹಾರ್ನ್ ಕೊಲ್ಲಿಯ ದಡವನ್ನು ಕಾರ್ಖಾನೆಗಳಿಗೆ ಬಿಟ್ಟುಕೊಟ್ಟನು. ಅಂದಿಗೆ ಅದು ಪ್ರಗತಿಯ ಹೆಜ್ಜೆಯೆಂದೇ ತೋರಿತ್ತು. ಅರ್ಧ ಶತಮಾನದಲ್ಲಿ ಆ ಕೊಲ್ಲಿಯು ಮೀನು ಬದುಕದ, ದುರ್ವಾಸನೆಯ ಕೆಸರಾಯಿತು. 1980ರ ದಶಕದಲ್ಲಿ ದಡದ ಸಾವಿರಾರು ಕಟ್ಟಡಗಳನ್ನು ಕೆಡವಿ ಕಾರ್ಖಾನೆಗಳನ್ನು ತೆರವುಗೊಳಿಸಲಾಯಿತು. 1990ರ ದಶಕದಲ್ಲಿ ಕೆಸರನ್ನು ಎತ್ತಿ ಹಳೆಯ ಕಲ್ಲುಗಣಿಯೊಂದಕ್ಕೆ ಸಾಗಿಸಲಾಯಿತು. ಇಂದು ಅಲ್ಲಿ ಜನ ಮತ್ತೆ ಗಾಳ ಹಾಕಿ ಕೂರುತ್ತಾರೆ. ಆದರೆ ಎಲ್ಲ ತಪ್ಪುಗಳಿಗೂ ಇಂಥ ಪರಿಹಾರವಿರುವುದಿಲ್ಲ. 1993ರ ಏಪ್ರಿಲ್‌ನಲ್ಲಿ ನಗರದ ಒಂದು ಕಸದ ಬೆಟ್ಟದಲ್ಲಿ ಸೇರಿಕೊಂಡಿದ್ದ ಅನಿಲ ಸಿಡಿದು, ಅದರ ಬುಡದ ಗುಡಿಸಲುಗಳ ಮೇಲೆ ಬೆಟ್ಟವೇ ಕುಸಿದು 39 ಜನ ಪ್ರಾಣ ಕಳೆದುಕೊಂಡರು. ನಗರದ ಕಸ ಎಲ್ಲಿಗೆ ಹೋಗುತ್ತದೆ ಎಂದು ಕೇಳದ ಪ್ರತಿಯೊಬ್ಬರೂ ಆ ಸಾವಿನಲ್ಲಿ ಪಾಲುದಾರರು.

ನಮ್ಮ ಪಾಲಿನ ಕರ್ತವ್ಯ

ಹದಿನೇಳು ಶತಮಾನಗಳ ಈ ಕಥೆಯಲ್ಲಿ ಇಸ್ತಾಂಬುಲ್ ಅನೇಕ ಬಾರಿ ಎಡವಿತು. ಅದನ್ನು ಆಳಿದವರು ತಪ್ಪು ಮಾಡದವರೇನಲ್ಲ. ನೆಲೆಸಿದವರ ಮೇಲೆ ಬಾಡಿಗೆ ಹೇರಿದರು, ವ್ಯಾಪಾರಿಗಳನ್ನು ದಿವಾಳಿ ಮಾಡಿದರು, ಕೊಲ್ಲಿಯನ್ನು ಕೊಂದರು. ಆದರೂ ನಗರ ಉಳಿಯಿತು. ತಪ್ಪನ್ನು ತಪ್ಪೆಂದು ಒಪ್ಪಿ ನಿಯಮವನ್ನು ತಿದ್ದುವವರು ಪ್ರತಿ ಬಾರಿಯೂ ಯಾರಾದರೂ ಹುಟ್ಟಿಬಂದುದೇ ಅದಕ್ಕೆ ಕಾರಣ. ಕೆಲವೊಮ್ಮೆ ಅದು ಸುಲ್ತಾನ, ಕೆಲವೊಮ್ಮೆ ಕಾಝಿ, ಒಮ್ಮೆ ಒಬ್ಬ ಸೇವಕ. ತಿದ್ದುವುದು ತಡವಾದಾಗಲೆಲ್ಲ ಬೆಲೆ ತೆತ್ತವರು ಬಡವರು.

ನಗರದ ನೀತಿಗಳು ಮಂತ್ರಿಗಳ ಕೆಲಸ, ನಮಗೇನು ಎಂದು ನಾವು ಸುಮ್ಮನಿರಬಹುದು. ಆದರೆ ದಾರಿಯಿಂದ ತೊಡಕನ್ನು ಸರಿಸುವುದನ್ನು ಈಮಾನಿನ ಒಂದು ಶಾಖೆಯೆಂದು ಕಲಿಸಿದ ಪ್ರವಾದಿ(ಸ)ರವರ ಅನುಯಾಯಿಗಳಿಗೆ ಆ ಮಾತು ಒಪ್ಪುವುದಿಲ್ಲ. ನಮ್ಮ ಮೊಹಲ್ಲಾದ ಚರಂಡಿ, ನಮ್ಮ ಮಸೀದಿಯ ವುಝೂ ನೀರು, ನಮ್ಮ ಜಮಾಅತಿನ ಅಂಗಡಿಗಳ ಬಾಡಿಗೆ, ನಮ್ಮ ವಾರ್ಡಿನ ಸಭೆ ಇವೆಲ್ಲವೂ ಒಂದು ನಗರ ಉಳಿಯುವ ಅಥವಾ ಅಳಿಯುವ ಜಾಗಗಳೇ. ಮುಂದಿನ ಜುಮಾ ನಮಾಝಿನ ಬಳಿಕ ನಮ್ಮ ವಕ್ಫ್‌ನ ಲೆಕ್ಕವನ್ನು ಒಮ್ಮೆ ವಿನಯದಿಂದ ಕೇಳಿ ನೋಡೋಣ. ಲೆಕ್ಕ ಇಡುವವರಾಗಿದ್ದರೆ, ಯಾರೂ ಕೇಳುವ ಮೊದಲೇ ಅದನ್ನು ಜಮಾಅತಿನ ಮುಂದಿಡೋಣ.

ನಮ್ಮ ಕೈಗೆ ಒಪ್ಪಿಸಲ್ಪಟ್ಟ ಅಮಾನತ್ತುಗಳನ್ನು ಅವುಗಳ ಹಕ್ಕುದಾರರಿಗೆ ತಲುಪಿಸುವ ಭಾಗ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ದಯಪಾಲಿಸಲಿ.